ಟಿಪ್ಪುವಿನ ಖಜಾಂಚಿಗೆ ಯಳಂದೂರು ಸಿಕ್ಕಿದ್ದು ಹೇಗೆ?

ಮೇ 4 ಹತ್ತಿರ ಬಂತು ಅಂದರೆ ಸಾಕು, ನಾನಿರುವ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಜಗಳ. 1799ರ ಆ ದಿನ ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಹಾಗಾದರೆ ಒಳಗಿನಿಂದ ಕೈಕೊಟ್ಟವರು ಯಾರು? ಒಬ್ಬರು ಮೀರ್ ಸಾದಿಕ್ ಅಂತಾರೆ. ಹತ್ತು ನಿಮಿಷದಲ್ಲಿ ಇನ್ನೊಬ್ಬರು ಪೂರ್ಣಯ್ಯನ ಹೆಸರು ತರ್ತಾರೆ. ಅಲ್ಲಿಂದ ಮುಂದೆ ಅದು ಇತಿಹಾಸದ ಚರ್ಚೆ ಅಲ್ಲ, ಯಾರ ಜಾತಿಯವರು, ಯಾರ ಧರ್ಮದವರು ದ್ರೋಹಿಗಳು ಅನ್ನೋ ಸ್ಕೋರ್‌ಬೋರ್ಡ್.

ಪೂರ್ಣಯ್ಯ ಕೋಟೆ ಮಾರಿದ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಕಾಮೆಂಟ್ ಹಾಕೋರಿಗೆ ಅನುಕೂಲ ಆಗಲಿ. ನನ್ನ ಆಸಕ್ತಿ ಇರೋದು 1799ರಲ್ಲಿ ಅಲ್ಲ, 1807ರಲ್ಲಿ. ಆ ವರ್ಷ ಮೈಸೂರು ಸೀಮೆಯ ದಕ್ಷಿಣದ ಅಂಚಿನಲ್ಲಿ, ಸುವರ್ಣಾವತಿ ಹೊಳೆ ಹರಿಯುವ ಕಡೆ, ಸುಮಾರು 100 ಚದರ ಮೈಲಿ ನಾಡು ಒಬ್ಬ ಮನುಷ್ಯನ ಹೆಸರಿಗೆ ಬಂತು. ಅವನಿಗಷ್ಟೇ ಅಲ್ಲ, ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ, ವಂಶ ಇರುವ ತನಕ. ಅದೇ ಯಳಂದೂರು ಜಹಗೀರು. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ ಜಹಗೀರ್‌ದಾರನಾಗಿದ್ದು ಹೇಗೆ? ಈ ಕತೆಗೆ ಏಳು ಸಮುದ್ರದಾಚೆಯ ಐರ್ಲೆಂಡಿನ ಜಮೀನ್ದಾರರು ಬಂದು ಸೇರಿಕೊಂಡಿದ್ದು ಹೇಗೆ? ಭೂಸುಧಾರಣೆ ಕಾಯ್ದೆಯ ಬಗ್ಗೆ ಮಾತಾಡುವ ನಾವು ಕೇಳಬೇಕಾದ ಪ್ರಶ್ನೆ ಇದು.

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ತಿರುಕಾಂಬೂರಿನ ಬಡ ಮಾಧ್ವ ಬ್ರಾಹ್ಮಣರ ಮನೆಯಲ್ಲಿ. ಅಪ್ಪ ಬೇಗ ತೀರಿಹೋದ. ಮನೆ ನಡೀಬೇಕಿತ್ತು, ಹುಡುಗ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ನಿಂತ. ಅಂಗಡಿಯಿಂದ ಅಂಗಡಿಗೆ ದಾಟಿ ಶ್ರೀರಂಗಪಟ್ಟಣದ ಅನ್ನದಾನ ಶೆಟ್ಟಿಯ ಹತ್ತಿರ ಬಂದ. ಶೆಟ್ಟಿ ಅರಮನೆಗೆ ಸಾಮಾನು ಒದಗಿಸುವ ವರ್ತಕ. ಅವನ ಲೆಕ್ಕದ ಪುಸ್ತಕದ ಜೊತೆ ಹುಡುಗನೂ ಅರಮನೆಯ ಬಾಗಿಲು ದಾಟಿದ. ಒಳ್ಳೆಯ ಅಕ್ಷರ, ಹಲವು ಭಾಷೆ, ಮರೆಯದ ನೆನಪು. ಹೈದರಾಲಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಕೆಲಸಗಾರನನ್ನು ಗುರುತಿಸುವುದು ಚೆನ್ನಾಗಿ ಗೊತ್ತಿತ್ತು. ಕೆಲವು ವರ್ಷಗಳಲ್ಲಿ ಖಜಾನೆಯ ಲೆಕ್ಕ ಪೂರ್ಣಯ್ಯನ ಕೈಗೆ ಬಂತು.

ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಬೇರೆಯವರ ಡೇಟಾಬೇಸ್ ಕಾದವನು ನಾನು. ಅಲ್ಲಿ ಕಲಿತ ಒಂದು ಸಂಗತಿ ಪತ್ರಿಕೋದ್ಯಮದಲ್ಲೂ ಉಪಯೋಗಕ್ಕೆ ಬಂದಿದೆ. ಕಂಪನಿ ಕೈ ಬದಲಾದಾಗ ಮೇಲಿನವರೆಲ್ಲ ಹೋಗ್ತಾರೆ, ಯಾವ ಡೇಟಾ ಎಲ್ಲಿದೆ ಅಂತ ಗೊತ್ತಿರೋನು ಮಾತ್ರ ಉಳೀತಾನೆ. ಪೂರ್ಣಯ್ಯನ ಇಡೀ ಬದುಕು ಅದಕ್ಕೆ ಉದಾಹರಣೆ.

ಮೊದಲ ಪರೀಕ್ಷೆ ಬಂದಿದ್ದು 1782ರ ಡಿಸೆಂಬರ್‌ನಲ್ಲಿ. ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲೇ ಹೈದರ್ ಬೆನ್ನಿನ ಹುಣ್ಣಿನಿಂದ ಸತ್ತ. ಎದುರಿಗೆ ಇಂಗ್ಲಿಷರು. ಮಗ ಟಿಪ್ಪು ನೂರಾರು ಮೈಲಿ ದೂರ ಮಲಬಾರಿನಲ್ಲಿ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತೆ, ಗದ್ದುಗೆಗೆ ಬೇರೆಯವರು ಕೈ ಹಾಕ್ತಾರೆ. ಪೂರ್ಣಯ್ಯ ಮತ್ತು ಕೃಷ್ಣರಾವ್ ಮುಂತಾದ ಕೆಲವೇ ಅಧಿಕಾರಿಗಳು ಸೇರಿ ಸಾವನ್ನು ಮುಚ್ಚಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕೋಲಾರದ ಕಡೆ ಕಳಿಸಿದರು. ದಂಡಿನ ದಿನಚರಿ ಎಂದಿನಂತೆ ನಡೆಯಿತು. ಟಿಪ್ಪು ಬಂದು ಸೇರಿದಾಗ ಸೈನ್ಯವೂ ಇತ್ತು, ಹಣವೂ ಇತ್ತು. ಪೂರ್ಣಯ್ಯನನ್ನು ಹುಟ್ಟು ದ್ರೋಹಿ ಅನ್ನೋರು ಈ ಘಟನೆಯನ್ನು ಸುಮ್ಮನೆ ದಾಟಿಬಿಡ್ತಾರೆ. ಕೈಕೊಡಬೇಕು ಅಂತಿದ್ದರೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

ಮುಂದಿನ 16 ವರ್ಷ ಅವನು ಟಿಪ್ಪುವಿನ ಹಣಕಾಸಿನ ಮನುಷ್ಯ. ಈ ಕಾಲದ ಒಂದು ವಿಷಯವನ್ನು ಗಮನದಲ್ಲಿ ಇಟ್ಕೊಳ್ಳಿ, ಯಳಂದೂರಿನ ಹತ್ತಿರ ಹೋದಾಗ ಬೇಕಾಗುತ್ತೆ. ಹೈದರ್ ಮತ್ತು ಟಿಪ್ಪು ಇಬ್ಬರೂ ಪಾಳೇಗಾರಿಕೆಯನ್ನು ಮುರಿದು, ಸರ್ಕಾರ ಮತ್ತು ಉಳುವವನ ನಡುವೆ ಇದ್ದ ದಲ್ಲಾಳಿ ಮನೆತನಗಳನ್ನು ಕಿತ್ತುಹಾಕುವ ಕಡೆ ಹೊರಟವರು. ಕಂದಾಯ ನೇರವಾಗಿ ಖಜಾನೆಗೆ ಬರಬೇಕು, ನೌಕರನಿಗೆ ಸಂಬಳ ಖಜಾನೆಯಿಂದ ಹೋಗಬೇಕು, ಊರು ಬರೆದುಕೊಡೋದು ಬೇಡ. ಟಿಪ್ಪು ಇನಾಂಗಳನ್ನೂ ವಾಪಸ್ ತೆಗೆದುಕೊಳ್ಳಲು ಹೊರಟ. ಇದೆಲ್ಲ ಉಳುವವನ ಮೇಲಿನ ಪ್ರೀತಿಯಿಂದ ಆಗಿದ್ದಲ್ಲ, ಯುದ್ಧಕ್ಕೆ ದುಡ್ಡು ಬೇಕಿತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ ರಾಜ್ಯ ಅದು. ಆ ಹಣ ಕೊನೆಗೆ ಹುಟ್ಟಿದ್ದು ಹೊಲದಲ್ಲಿ. ಅದನ್ನು ಎತ್ತುವ ಯಂತ್ರದ ಒಳಗೆ ಪೂರ್ಣಯ್ಯ ಇದ್ದ. ಅಂದರೆ ಜಹಗೀರು ಕೊಡಬಾರದು ಅನ್ನೋ ಆಡಳಿತದ ಲೆಕ್ಕವನ್ನು ಇಟ್ಟವನು ಇದೇ ಮನುಷ್ಯ.

ಈಗ ಐರ್ಲೆಂಡಿನ ಕಡೆ ಬರೋಣ. 1798ರಿಂದ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ಇವರದು ಐರ್ಲೆಂಡಿನ ಮೀತ್ ಪ್ರಾಂತ್ಯದ ಜಮೀನ್ದಾರಿ ಮನೆತನ, ಡ್ಯಾಂಗನ್ ಅನ್ನೋ ಕಡೆ ದೊಡ್ಡ ಬಂಗಲೆ. ಅಪ್ಪ ಸಂಗೀತಗಾರ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕ. 1781ರಲ್ಲಿ ಅವನು ಸತ್ತಾಗ ಮಗನಿಗೆ ಬಿಟ್ಟಿದ್ದು ಬಿರುದು, ಜಮೀನು ಮತ್ತು ಅದರ ಮೇಲೆ ಸಾಲದ ರಾಶಿ. ರಿಚರ್ಡ್ ಜಮೀನು ಮಾರಿ ಸಾಲ ತೀರಿಸುತ್ತಾ ಬಂದ. ಹೀಗೆ ನೆಲ ಕರಗುತ್ತಿದ್ದ ಮನೆಯ ಮೂವರು ಅಣ್ಣತಮ್ಮಂದಿರು ಭಾರತಕ್ಕೆ ಬಂದರು. ರಿಚರ್ಡ್ ದೊಡ್ಡವನು. ಆರ್ಥರ್ ಸೈನ್ಯದಲ್ಲಿ ಕರ್ನಲ್. ಹೆನ್ರಿ ಅಣ್ಣನ ಕಾರ್ಯದರ್ಶಿ.

ಅಂದಿನ ಐರ್ಲೆಂಡಿನ ಜಮೀನ್ದಾರಿಕೆ ಅಂದರೆ ಏನು ಅಂತ ಎರಡು ಮಾತು. ಅಲ್ಲಿನ ನೆಲದ ಬಹುಪಾಲನ್ನು ಇಂಗ್ಲಿಷ್ ದೊರೆಗಳು 16 ಮತ್ತು 17ನೇ ಶತಮಾನದಲ್ಲಿ ಸ್ಥಳೀಯ ಕ್ಯಾಥೊಲಿಕರಿಂದ ಕಿತ್ತು ತಮ್ಮ ಕಡೆಯವರಿಗೆ ಹಂಚಿದ್ದರು. ಬಂಗಲೆಯಲ್ಲಿ ಪ್ರಾಟೆಸ್ಟೆಂಟ್ ಒಡೆಯ, ಹೊಲದಲ್ಲಿ ಕ್ಯಾಥೊಲಿಕ್ ಗೇಣಿದಾರ. ಎಷ್ಟೋ ಒಡೆಯರು ಲಂಡನ್ನಿನಲ್ಲೇ ಇರೋರು, ಗೇಣಿ ಎತ್ತೋಕೆ ಏಜೆಂಟ್ ಇರೋನು. 1870ರ ಹೊತ್ತಿಗೂ ಆ ದೇಶದ ಅರ್ಧ ನೆಲ ಸುಮಾರು 750 ಕುಟುಂಬಗಳ ಹೆಸರಲ್ಲಿತ್ತು. ಇಂಥ ಮನೆಗಳ ಕಿರಿಯ ಮಕ್ಕಳಿಗೆ ಜಮೀನು ಬರುತ್ತಿರಲಿಲ್ಲ, ದೊಡ್ಡವನಿಗೇ ಎಲ್ಲ. ಉಳಿದವರಿಗೆ ಸೈನ್ಯ, ಚರ್ಚು, ಇಲ್ಲಾ ಈಸ್ಟ್ ಇಂಡಿಯಾ ಕಂಪನಿ. ನಮ್ಮ ಊರಿಗೆ ಬಂದವರಲ್ಲಿ ಐರಿಷರು ಅಷ್ಟೊಂದು ಯಾಕಿದ್ದರು ಅನ್ನೋದಕ್ಕೆ ಉತ್ತರದ ಒಂದು ಪಾಲು ಇದು.

ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ಹಣ ಹಂಚಿದರು. ಜನರಲ್ ಹ್ಯಾರಿಸ್‌ಗೆ ಸಿಕ್ಕಿದ್ದು 1 ಲಕ್ಷ 40 ಸಾವಿರ ಪೌಂಡ್‌ಗೂ ಜಾಸ್ತಿ. ಆರ್ಥರ್‌ಗೆ ಸುಮಾರು 4,000 ಪೌಂಡ್. ಸೈನ್ಯದಲ್ಲಿ ಹುದ್ದೆ ಕೊಳ್ಳೋಕೆ ಅಣ್ಣ ಕೊಟ್ಟಿದ್ದ ಸಾಲವನ್ನು ಅದರಿಂದ ತೀರಿಸೋಕೆ ಹೋದ, ಅಣ್ಣ ಬೇಡ ಅಂದ. ಅಣ್ಣನಿಗೆ ಕಂಪನಿ ವರ್ಷಕ್ಕೆ 5,000 ಪೌಂಡ್ ಗೊತ್ತುಮಾಡಿತು, ಜೊತೆಗೆ ಮಾರ್ಕ್ವಿಸ್ ಪದವಿ ಬಂತು. ಆದರೆ ಅದು ಐರಿಷ್ ಪದವಿ, ಇಂಗ್ಲಿಷ್ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ. ಅವನಿಗೆ ಎಷ್ಟು ಅವಮಾನ ಆಯ್ತು ಅಂದರೆ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಸಿಕ್ಕಿತು ಅನ್ನೋ ಅರ್ಥ ಬರುವ ಹಾಗೆ ಗೊಣಗಿಕೊಂಡ. ಮೈಸೂರನ್ನು ಸೋಲಿಸಿದ್ದಕ್ಕೆ ಸಿಕ್ಕ ಇನಾಮಿನ ಬಗ್ಗೆ ಗೆದ್ದವನೇ ಹೀಗೆ ಮುನಿಸಿಕೊಂಡಿದ್ದ!

ಹೊಸ ಮೈಸೂರನ್ನು ರೂಪಿಸಲು ಐದು ಜನರ ಆಯೋಗ ಕೂತಿತು. ಹ್ಯಾರಿಸ್, ಕರ್ಕ್‌ಪ್ಯಾಟ್ರಿಕ್, ಆರ್ಥರ್ ಮತ್ತು ಹೆನ್ರಿ ವೆಲ್ಲೆಸ್ಲಿ, ಬ್ಯಾರಿ ಕ್ಲೋಸ್. ಕ್ಲೋಸ್ ಕೂಡ ಐರ್ಲೆಂಡಿನ ಆರ್ಮಾ ಪ್ರಾಂತ್ಯದವನು. ಐವರಲ್ಲಿ ಮೂವರು ಆ ದ್ವೀಪದವರು. ಪೂರ್ಣಯ್ಯ ಶರಣಾಗಿ ಇವರ ಮುಂದೆ ಬಂದು ಮೊದಲು ಇಟ್ಟ ಸಲಹೆ ಏನು ಗೊತ್ತಾ? ಟಿಪ್ಪುವಿನ ಹಿರಿಯ ಮಗ ಫತೇ ಹೈದರ್‌ನನ್ನು ಗದ್ದುಗೆಯ ಮೇಲೆ ಕೂರಿಸಿ ಅಂತ. ಇದು ವಾಟ್ಸಾಪ್ ಜಗಳದ ಎರಡೂ ಕಡೆಯವರಿಗೆ ಅನುಕೂಲ ಇಲ್ಲದ ಸಂಗತಿ, ಹಾಗಾಗಿ ಯಾರೂ ಫಾರ್ವರ್ಡ್ ಮಾಡಲ್ಲ. ಇಂಗ್ಲಿಷರು ಆ ಸಲಹೆ ತಳ್ಳಿಹಾಕಿದರು. ಒಡೆಯರ ಮನೆತನದ ಐದು ವರ್ಷದ ಮಗುವನ್ನು 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಅಂತ ಪಟ್ಟಕ್ಕೆ ಕೂರಿಸಿದರು.

ದಿವಾನಗಿರಿಗೆ ಇನ್ನೊಬ್ಬ ಹಕ್ಕುದಾರ ಇದ್ದ. ಮಹಾರಾಣಿ ಲಕ್ಷ್ಮಮ್ಮಣ್ಣಿ ವರ್ಷಗಟ್ಟಲೆ ಮದರಾಸಿನ ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದ್ದು ತಿರುಮಲರಾವ್ ಮೂಲಕ. ರಾಜ್ಯ ವಾಪಸ್ ಬಂದರೆ ಪ್ರಧಾನಿಕೆ ಅವನಿಗೆ ಅನ್ನೋ ಮಾತಾಗಿತ್ತು. ಇಂಗ್ಲಿಷರು ಅವನನ್ನು ಬದಿಗೆ ಸರಿಸಿದರು. ರಾಜನಿಗೆ ನಿಷ್ಠನಾದವನಿಗಿಂತ ಅವರಿಗೆ ಬೇಕಾಗಿದ್ದವನು ಲೆಕ್ಕ ಗೊತ್ತಿದ್ದವನು. ಯಾಕಂದ್ರೆ ಹೊಸ ಒಪ್ಪಂದದ ಪ್ರಕಾರ ಮೈಸೂರು ವರ್ಷವರ್ಷ ಕಂಪನಿಗೆ 7 ಲಕ್ಷ ವರಾಹ ಕಟ್ಟಬೇಕಿತ್ತು, ಹೊಸ ರಾಜ್ಯಕ್ಕೆ ಅಂದಾಜು ಮಾಡಿದ್ದ ಆದಾಯದ ಅರ್ಧದಷ್ಟು. ತಪ್ಪಿದರೆ ಆಡಳಿತವನ್ನೇ ಕಂಪನಿ ತೆಗೆದುಕೊಳ್ಳಬಹುದು ಅನ್ನೋ ಷರತ್ತು ಬೇರೆ. ಯಾವ ಹೋಬಳಿಯಿಂದ ಎಷ್ಟು ಬರುತ್ತೆ, ಯಾರು ಬಚ್ಚಿಡ್ತಾರೆ, ಯಾವ ಕೆರೆ ಒಡೆದಿದೆ ಅನ್ನೋದು ತಲೆಯಲ್ಲಿ ಇದ್ದವನು ಪೂರ್ಣಯ್ಯ ಒಬ್ಬನೇ.

ಇದಾದ ಮೇಲಿನ 12 ವರ್ಷ ಅವನು ಮೈಸೂರಿನ ನಿಜವಾದ ದೊರೆ. ಕೆಲಸ ಕಡಿಮೆ ಮಾಡಲಿಲ್ಲ. ಕೆರೆ ಕಟ್ಟೆ ರಿಪೇರಿ, ರಸ್ತೆ, ಛತ್ರ, ಭೂಮಿಯ ಅಳತೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೆ ಗವರ್ನರ್ ಜನರಲ್‌ನ ಹೆಸರನ್ನೇ ಇಟ್ಟ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಟಿವಿಯಲ್ಲಿ ಮುಳುಗಿದ ಹಾಗೆ ತೋರಿಸ್ತಾರಲ್ಲ, ಅದೇ ವೆಲ್ಲೆಸ್ಲಿ ಸೇತುವೆ. ಸಾಲು ಸಾಲು ಕಲ್ಲುಕಂಬ ನಿಲ್ಲಿಸಿ ಮೇಲೆ ಕಲ್ಲು ಹಾಸಿದ್ದು, ಎರಡು ಶತಮಾನದ ಪ್ರವಾಹ ತಿಂದಿದೆ. ನನ್ನ ಬ್ಯಾಚಿನ ಸಿವಿಲ್ ಎಂಜಿನಿಯರುಗಳು ಕಟ್ಟಿದ ಎಷ್ಟು ಫ್ಲೈಓವರ್ 20 ವರ್ಷ ನಿಲ್ಲುತ್ತವೆ ಅಂತ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಮೈಸೂರಿಗೆ ಕಾವೇರಿ ನೀರು ತರೋಕೆ ಅವನು ತೋಡಿಸಿದ ನಾಲೆ ಮಾತ್ರ ಮುಗಿಯಲೇ ಇಲ್ಲ. ಪೂರ್ಣಯ್ಯ ನಾಲೆ ಅನ್ನೋ ಹೆಸರಲ್ಲಿ ಈಗ ಅದರಲ್ಲಿ ಹರಿಯೋದು ಚರಂಡಿ ನೀರು.

ಇದರ ಇನ್ನೊಂದು ಮುಖ ಇದೆ. ಹೊಸ ವ್ಯವಸ್ಥೆಗೆ ತಲೆಬಾಗದವರನ್ನು ಮುಗಿಸುವ ಕೆಲಸದಲ್ಲಿ ದಿವಾನನೂ ಆರ್ಥರ್ ವೆಲ್ಲೆಸ್ಲಿಯೂ ಜೊತೆಗಾರರು. ಟಿಪ್ಪುವಿನ ಸೆರೆಯಿಂದ ಹೊರಬಂದು ದಂಡು ಕಟ್ಟಿದ ಧೋಂಡಿಯಾ ವಾಘ್‌ನನ್ನು ವೆಲ್ಲೆಸ್ಲಿಯ ಪಡೆ 1800ರ ಸೆಪ್ಟೆಂಬರ್‌ನಲ್ಲಿ ಕೊಂದಿತು. ಮಲೆನಾಡಿನ ಬಲಂ ಸೀಮೆಯಲ್ಲಿ ಎದ್ದ ಕೃಷ್ಣಪ್ಪ ನಾಯಕನನ್ನು 1802ರಲ್ಲಿ ಗಲ್ಲಿಗೇರಿಸಿದರು. 1803ರಲ್ಲಿ ಮರಾಠರ ಮೇಲೆ ಯುದ್ಧಕ್ಕೆ ಹೋದಾಗ ಮೈಸೂರಿನ ಕುದುರೆ ಪಡೆ ವೆಲ್ಲೆಸ್ಲಿಯ ಬೆನ್ನಿಗೆ ಹೋಯಿತು, ದವಸ ಮತ್ತು ಎತ್ತುಗಳನ್ನು ಪೂರ್ಣಯ್ಯ ಒದಗಿಸಿದ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ಯುದ್ಧದಲ್ಲಿ ಸಾಮಗ್ರಿ ಸಾಗಣೆ ಎಷ್ಟು ಮುಖ್ಯ ಅಂತ ಕಲಿತಿದ್ದು ನಮ್ಮ ಬಯಲುಸೀಮೆಯ ಎತ್ತುಗಳ ಹಿಂದೆ ನಡೆದು. 1805ರಲ್ಲಿ ಊರಿಗೆ ಹೊರಟಾಗ ಆರ್ಥರ್ ತನ್ನದೇ ಒಂದು ಚಿತ್ರವನ್ನು ದಿವಾನನಿಗೆ ನೆನಪಿಗೆ ಕಳಿಸಿದ. ಪೂರ್ಣಯ್ಯನ ಚಿತ್ರವನ್ನು ಬರೆದವನು ಡಬ್ಲಿನ್ನಿನ ಥಾಮಸ್ ಹಿಕ್ಕಿ. ಶಾಲು ಹೊದ್ದು ಕೂತ ಆ ಮುಖದಲ್ಲಿ ಗರ್ವಕ್ಕಿಂತ ಎಚ್ಚರ ಜಾಸ್ತಿ ಕಾಣುತ್ತೆ ಅಂತ ನನಗೆ ಅನ್ನಿಸಿದೆ. ಮೂರು ಧಣಿಗಳನ್ನು ಕಂಡವನ ಮುಖ.

1807ಕ್ಕೆ ಬಂದೆವು. ಜಹಗೀರು ಅಂದರೆ ಏನು ಅನ್ನೋದನ್ನು ನನ್ನ ಏರಿಯಾದ ಉದಾಹರಣೆಯಲ್ಲೇ ಹೇಳಿಬಿಡ್ತೀನಿ. ಮಲ್ಲೇಶ್ವರಂನಲ್ಲಿ ನೆಲದ ಮಾತು ಅಂದರೆ ಸೈಟಿನ ಮಾತು. ತಾತ ತಗೊಂಡಿದ್ದು, ಅಪ್ಪ ಭಾಗ ಮಾಡಿದ್ದು, ಬಿಲ್ಡರ್ ಕೇಳ್ತಿರೋದು. ಎಲ್ಲರ ಕತೆ 1898ರ ಪ್ಲೇಗಿನ ಆಸುಪಾಸಿನ ಬಡಾವಣೆಯಿಂದ ಶುರುವಾಗುತ್ತೆ. ಆದರೆ ಕಾಡು ಮಲ್ಲೇಶ್ವರ ದೇವರಿಗೆ ಸಂಬಂಧಿಸಿದ 1669ರ ಕಲ್ಲಿನ ಶಾಸನ ಒಂದಿದೆ. ಮೇದರನಿಂಗನಹಳ್ಳಿ ಅನ್ನೋ ಊರನ್ನು ಮಲ್ಲಪುರದ ಮಲ್ಲಿಕಾರ್ಜುನನಿಗೆ ಬಿಟ್ಟುಕೊಟ್ಟವನು ಏಕೋಜಿ, ಶಿವಾಜಿಯ ತಮ್ಮ. ಮರಾಠಾ ಹುಡುಗನಿಗೆ ಬೆಂಗಳೂರಿನ ಊರು ದಾನ ಕೊಡುವ ಅಧಿಕಾರ ಎಲ್ಲಿಂದ ಬಂತು? 1638ರಲ್ಲಿ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ಗೆದ್ದ ಬಿಜಾಪುರದವರು ಅದನ್ನು ಅವನ ಅಪ್ಪ ಶಹಾಜಿಗೆ ಜಹಗೀರಾಗಿ ಕೊಟ್ಟಿದ್ದರು. ಅಂದರೆ ಜಹಗೀರ್‌ದಾರ ನೆಲ ಉಳೋನಲ್ಲ, ಕೊಂಡವನೂ ಅಲ್ಲ. ಆ ನೆಲದಿಂದ ಸರ್ಕಾರಕ್ಕೆ ಬರಬೇಕಾದ ಕಂದಾಯದ ಹಕ್ಕು ಅವನಿಗೆ. ಉಳೋನು ಮೊದಲಿನಂತೆ ಉಳ್ತಾನೆ, ಕಟ್ಟುವ ಬಾಗಿಲು ಮಾತ್ರ ಬದಲಾಗುತ್ತೆ. ಐರ್ಲೆಂಡಿನ ಎಸ್ಟೇಟಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಅಲ್ಲಿ ಒಡೆಯ ನೆಲದ ಮಾಲೀಕ, ಗೇಣಿದಾರನನ್ನು ಒಕ್ಕಲೆಬ್ಬಿಸಿ ಗುಡಿಸಲು ಕೆಡವಬಹುದು. ಇಲ್ಲಿ ಕಾಗದದ ಮೇಲೆ ಅಷ್ಟು ಅಧಿಕಾರ ಇಲ್ಲ. ಆದರೆ ತಲೆಮಾರುಗಳು ಕಳೆದ ಹಾಗೆ ಬಂಗಲೆಯ ಮುಂದೆ ಕೈಕಟ್ಟಿ ನಿಂತವನಿಗೆ ಈ ವ್ಯತ್ಯಾಸ ಎಷ್ಟು ಕಾಣುತ್ತೆ?

ಯಳಂದೂರು ಬರೆದುಕೊಟ್ಟಿದ್ದು ಮಹಾರಾಜನ ಹೆಸರಲ್ಲಿ. ಮಹಾರಾಜನಿಗೆ ಆಗ 13 ವರ್ಷ. ಅವನ ಹೆಸರಲ್ಲಿ ರಾಜ್ಯ ನಡೆಸುತ್ತಿದ್ದವನು ಪೂರ್ಣಯ್ಯ. ಕಂಪನಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೊಟ್ಟವನು ಹುಡುಗ, ಕೊಡಿಸಿದವರು ಇಂಗ್ಲಿಷರು, ತಗೊಂಡವನು ಹುಡುಗನ ಪರವಾಗಿ ಸಹಿ ಮಾಡುವವನು. ಇದನ್ನು ಲಂಚ ಅಂತ ನಾನು ಕರೆಯಲ್ಲ. ಅಂದಿನ ರೂಢಿಯಲ್ಲಿ ದೊಡ್ಡ ಸೇವೆಗೆ ದೊಡ್ಡ ಇನಾಂ ಸಹಜವಾಗಿತ್ತು. ಸೇವೆಯೂ ನಿಜವಾದದ್ದೇ. ಆದರೆ ಆ ಸೇವೆ ಯಾರಿಗೆ ಅನ್ನೋದು ಪ್ರಶ್ನೆ. ವರ್ಷವರ್ಷ ತಪ್ಪದೆ ಹೋದ 7 ಲಕ್ಷ ವರಾಹ, ಮೇಲಿಂದ ಖಜಾನೆಯಲ್ಲಿ ಉಳಿಸಿದ ಕೋಟಿಗಟ್ಟಲೆ ಹಣ. ಆಗಿನ ಇಂಗ್ಲಿಷ್ ಅಧಿಕಾರಿಗಳು ಇದನ್ನು ಕೊಂಡಾಡಿದ್ದಕ್ಕೆ ಮಿತಿಯಿಲ್ಲ. ಆ ಉಳಿತಾಯ ಹಳ್ಳಿಗಳಿಂದ ಹಿಂಡಿದ್ದು ಅನ್ನೋದು ಅವರ ಹೊಗಳಿಕೆಯಲ್ಲಿ ಬರೋದಿಲ್ಲ. ನಮ್ಮ ಶಾಲೆಯ ಪಾಠಗಳಲ್ಲೂ ದಕ್ಷ ದಿವಾನ ಅನ್ನೋ ಪದ ಬರುತ್ತೆ, ದಕ್ಷತೆಯ ಬೆಲೆ ಕಟ್ಟಿದವರು ಬರಲ್ಲ.

ಹುಡುಗ ರಾಜ ಬೆಳೆದ. 1810ರಲ್ಲಿ ಲಕ್ಷ್ಮಮ್ಮಣ್ಣಿ ತೀರಿಕೊಂಡರು. 16 ದಾಟಿದ ಕೃಷ್ಣರಾಜನಿಗೆ ತನ್ನ ರಾಜ್ಯ ತಾನೇ ನಡೆಸುವ ಆಸೆ, ದಿವಾನನಿಗೆ ಕೈಬಿಡುವ ಮನಸ್ಸಿಲ್ಲ. ಮನಸ್ತಾಪ ಬೆಳೆಯಿತು, ರೆಸಿಡೆಂಟ್ ನಡುವೆ ಬರಬೇಕಾಯಿತು. 1811ರ ಕೊನೆಗೆ ಪೂರ್ಣಯ್ಯ ಅಧಿಕಾರ ಬಿಟ್ಟು ಶ್ರೀರಂಗಪಟ್ಟಣ ಸೇರಿದ, 1812ರ ಮಾರ್ಚ್‌ನಲ್ಲಿ ಸತ್ತ. ಹೈದರ್ ಕಾಲದಲ್ಲಿ ಲೆಕ್ಕದ ಪುಸ್ತಕ ಹಿಡಿದು ಬಂದ ಊರಲ್ಲೇ ಕೊನೆ. ಅವನು ಉಳಿಸಿಟ್ಟ ಖಜಾನೆ ಹೆಚ್ಚು ದಿನ ಉಳಿಯಲಿಲ್ಲ. ರಾಜ ಕೈಬಿಚ್ಚಿ ಖರ್ಚು ಮಾಡಿದ, ಕಂದಾಯವನ್ನು ಗುತ್ತಿಗೆಗೆ ಕೊಡುವ ಶರ್ತು ಪದ್ಧತಿ ಬಂತು, ನಗರ ಸೀಮೆಯ ರೈತರು 1830ರಲ್ಲಿ ದಂಗೆ ಎದ್ದರು. 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು. ಈ ಕುಸಿತದ ಹಲವು ವರ್ಷ, 1827ರವರೆಗೆ, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಆರ್ಥರ್ ಕೋಲ್ ಮತ್ತೊಬ್ಬ ಐರಿಷ್ ಜಮೀನ್ದಾರರ ಮಗ. ಫರ್ಮಾನಾ ಪ್ರಾಂತ್ಯದ ಫ್ಲಾರೆನ್ಸ್ ಕೋರ್ಟ್ ಬಂಗಲೆಯ ಎನಿಸ್ಕಿಲ್ಲೆನ್ ಅರ್ಲ್ ಮನೆತನದವನು.

ರಾಜನ ರಾಜ್ಯ ಹೋಯಿತು, ಯಳಂದೂರು ಹೋಗಲಿಲ್ಲ. ಕಮಿಷನರ್‌ಗಳ 50 ವರ್ಷದ ಆಳ್ವಿಕೆಯಲ್ಲೂ ಉಳಿಯಿತು. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ. ಎನ್. ಕೃಷ್ಣಮೂರ್ತಿ ಪೂರ್ಣಯ್ಯನ ವಂಶಸ್ಥರು, ಯಳಂದೂರಿನ ಜಹಗೀರ್‌ದಾರರು. ಬೆಂಗಳೂರಿಗೆ ಕರೆಂಟ್ ಬಂದ 1905 ಇವರ ಕಾಲ. 30 ಸಾವಿರಕ್ಕೂ ಹೆಚ್ಚು ಜನರ ಕಂದಾಯ ಒಂದು ಮನೆಗೆ ಹೋಗುತ್ತಿತ್ತು, ಆ ಮನೆಯ ಯಜಮಾನ ಇಡೀ ರಾಜ್ಯದ ಆಡಳಿತದ ಮೇಲೆ ಕೂತಿದ್ದ. ಭೂಸುಧಾರಣೆಯ ಕಾನೂನು ಮಾಡುವವರು ಭೂಮಾಲೀಕರೇ ಆಗಿದ್ದರೆ ಏನಾಗುತ್ತೆ ಅಂತ ನಾವು 1950ರ ದಶಕದ ವಿಧಾನಸಭೆಯ ಬಗ್ಗೆ ಚರ್ಚೆ ಮಾಡ್ತೀವಿ. ಅದರ ಬೇರು ಇನ್ನೂ ಹಿಂದೆ ಇದೆ.

ಸರಿಯಾಗಿ ಅದೇ ವರ್ಷಗಳಲ್ಲಿ ಐರ್ಲೆಂಡ್ ಬೇರೆ ದಾರಿ ಹಿಡಿದಿತ್ತು. 1845ರ ಆಲೂಗಡ್ಡೆ ರೋಗದ ನಂತರದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತಾಗಲೂ ಅಲ್ಲಿಂದ ದವಸ ಇಂಗ್ಲೆಂಡಿಗೆ ಹಡಗು ಹತ್ತುತ್ತಿತ್ತು, ಗೇಣಿ ವಸೂಲಿ ನಡೆಯುತ್ತಿತ್ತು. ಅದನ್ನು ನೋಡಿದ ತಲೆಮಾರಿನ ಮಕ್ಕಳು 1879ರಲ್ಲಿ ಲ್ಯಾಂಡ್ ಲೀಗ್ ಕಟ್ಟಿದರು. ಮರುವರ್ಷ ಮೇಯೊ ಪ್ರಾಂತ್ಯದಲ್ಲಿ ಜಮೀನ್ದಾರನ ಏಜೆಂಟ್ ಒಬ್ಬನಿಗೆ ಕೂಲಿಯವರು, ಅಂಗಡಿಯವರು, ಅಂಚೆಯವರು ಎಲ್ಲ ಕೈಕೊಟ್ಟರು. ಅವನ ಹೆಸರು ಕ್ಯಾಪ್ಟನ್ ಬಾಯ್‌ಕಾಟ್. ನೀವು ದಿನಾ ಹ್ಯಾಶ್‌ಟ್ಯಾಗ್ ಹಾಕೋ ಪದ ಗೇಣಿದಾರರ ಹೋರಾಟದಿಂದ ಬಂದದ್ದು. 1903ರ ವಿಂಡಮ್ ಕಾಯ್ದೆ ಸರ್ಕಾರದ ಸಾಲದಲ್ಲಿ ಗೇಣಿದಾರರಿಗೆ ನೆಲ ಕೊಡಿಸಿತು. ಕಂತು ಕಟ್ಟಲು 68 ವರ್ಷ ಆರು ತಿಂಗಳ ಅವಧಿ. ವೆಲ್ಲೆಸ್ಲಿಗಳ ಡ್ಯಾಂಗನ್ ಬಂಗಲೆ ಅದಕ್ಕೂ ಮೊದಲೇ ಪರರ ಪಾಲಾಗಿ, 1809ರಲ್ಲಿ ಸುಟ್ಟುಹೋಗಿ, ಈಗ ಬರೀ ಗೋಡೆ.

ಆದರೆ ಆರ್ಥರ್‌ಗೆ ಇನ್ನೊಂದು ಎಸ್ಟೇಟ್ ಸಿಕ್ಕಿತ್ತು. ವಾಟರ್‌ಲೂ ಗೆದ್ದು ಬಂದ ಮೇಲೆ 1817ರಲ್ಲಿ ಬ್ರಿಟಿಷ್ ಸರ್ಕಾರದ ಹಣದಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಸ್ಟ್ರಾಟ್‌ಫೀಲ್ಡ್ ಸೇ ಅನ್ನೋ ಬಂಗಲೆ, ಜಮೀನು ಕೊಂಡುಕೊಟ್ಟರು. ಯಳಂದೂರಿಗಿಂತ ಹತ್ತು ವರ್ಷ ಕಿರಿಯದು, ಹುಟ್ಟಿನ ಕಾರಣ ಒಂದೇ: ಯುದ್ಧದ ಇನಾಂ. ಅದು ಇವತ್ತಿಗೂ ವೆಲ್ಲಿಂಗ್ಟನ್ ಡ್ಯೂಕ್ ಮನೆತನದ ಕೈಯಲ್ಲೇ ಇದೆ. ವರ್ಷಕ್ಕೊಮ್ಮೆ, ವಾಟರ್‌ಲೂ ನೆನಪಿನ ಜೂನ್ 18ರ ಹೊತ್ತಿಗೆ, ಅರಮನೆಗೆ ಒಂದು ಪುಟ್ಟ ಫ್ರೆಂಚ್ ಬಾವುಟ ಒಪ್ಪಿಸಬೇಕು. ಅಷ್ಟೇ ಅದರ ಬಾಡಿಗೆ. ನಮ್ಮ ಕಡೆಯದು ಯಾಕೆ ಉಳಿಯಲಿಲ್ಲ? ಜಹಗೀರ್‌ದಾರರು ಕೆಟ್ಟವರು, ಡ್ಯೂಕರು ಒಳ್ಳೆಯವರು ಅಂತ ಅಲ್ಲ. ಮೈಸೂರು ರಾಜ್ಯದ ಶಾಸನಸಭೆ 1954 ಮತ್ತು 1955ರಲ್ಲಿ ಇನಾಂ ರದ್ದತಿ ಕಾಯ್ದೆಗಳನ್ನು ಮಾಡಿತು. ಅದಕ್ಕೆ ಮೊದಲು 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ಜಗಳಕ್ಕೆ ದೀವರು ಜೈಲಿಗೆ ಹೋಗಿದ್ದರು, ಲೋಹಿಯಾ ಬಂದು ಬಂಧನಕ್ಕೆ ಒಳಗಾಗಿದ್ದರು. ಆಮೇಲೆ ದೇವರಾಜ ಅರಸು ಅವರ ಕಾಲದ ತಿದ್ದುಪಡಿ, 1974ರ ಮಾರ್ಚ್ 1ರಿಂದ ಜಾರಿ. ಗೇಣಿದಾರ ನಮೂನೆ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ.

ಅಲ್ಲೂ ಗೆದ್ದಿದ್ದು ಬಹುಪಾಲು ಲೆಕ್ಕದ ಪುಸ್ತಕವೇ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಯಾರ ಹೆಸರನ್ನು ಶಾನುಭೋಗರು ಬರೆದಿದ್ದರೋ ಅವರಿಗೆ ದಾರಿ ಸಲೀಸು. ಬಾಯಿಮಾತಿನ ಗೇಣಿಯಲ್ಲಿ ಉಳುತ್ತಿದ್ದವರು, ಅದರಲ್ಲೂ ದಲಿತರು, ಹೆಂಗಸರು, ಸಾಕ್ಷಿ ಹುಡುಕಿಕೊಂಡು ಅಲೆದರು. ಭೂಮಿ ಕೇಂದ್ರದಲ್ಲಿ ಈಗಲೂ ಜನ ಕ್ಯೂ ನಿಲ್ಲೋದು ಆ ಕಾಲಂಗಳಿಗಾಗಿಯೇ. 2020ರಲ್ಲಿ ಅದೇ ಭೂಸುಧಾರಣೆ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಕೃಷಿಕರಲ್ಲದವರು, ಬೇರೆ ಆದಾಯ ಜಾಸ್ತಿ ಇರುವವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಕಲಮುಗಳು ಅವು. ಈಗ ಜಹಗೀರು ಬರೆಸಿಕೊಳ್ಳೋಕೆ ಯುದ್ಧ ಗೆಲ್ಲಬೇಕಾಗಿಲ್ಲ, ರಾಜನ ಸಹಿಯೂ ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿ ಸಾಕು. ಕನಕಪುರ ರಸ್ತೆ, ದೇವನಹಳ್ಳಿ ಕಡೆಯ ಫಾರ್ಮ್‌ಹೌಸ್ ಜಾಹೀರಾತುಗಳಲ್ಲಿ ಎಸ್ಟೇಟ್ ಅನ್ನೋ ಪದ ಮತ್ತೆ ಬಂದಿರೋದನ್ನು ನೀವೂ ಗಮನಿಸಿರಬಹುದು.

ಯಳಂದೂರು ಈಗ ಚಾಮರಾಜನಗರ ಜಿಲ್ಲೆಯ ಪುಟ್ಟ ತಾಲ್ಲೂಕು. ಜಹಗೀರ್‌ದಾರರ ಬಂಗಲೆ ಪೂರ್ಣಯ್ಯನ ಹೆಸರಿನ ಮ್ಯೂಸಿಯಂ ಆಗಿದೆ. ಅಲ್ಲಿಂದ ತಲೆ ಎತ್ತಿ ನೋಡಿದರೆ ಬಿಳಿಗಿರಿರಂಗನ ಬೆಟ್ಟ. ಆ ಬೆಟ್ಟದ ಸೋಲಿಗರಿಗೆ ಹೈದರ್, ಟಿಪ್ಪು, ಕಂಪನಿ, ಒಡೆಯರು ಯಾರೂ ಯಾವ ಕಾಗದವನ್ನೂ ಬರೆದುಕೊಟ್ಟಿರಲಿಲ್ಲ. ಸ್ವತಂತ್ರ ಭಾರತದಲ್ಲಿ ಕಾಡು ವನ್ಯಧಾಮವಾದಾಗ ಅವರು ಇದ್ದ ಜಾಗದಿಂದಲೂ ಎದ್ದು ಬರಬೇಕಾಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಪತ್ರದಿಂದ ಸಿಕ್ಕಿದ್ದರಲ್ಲಿ ಜೇನು, ನೆಲ್ಲಿಕಾಯಿ, ಮರದ ಪಾಚಿ ಕೂಡಿಸುವ ಹಕ್ಕೂ ಸೇರಿತ್ತು.